ಹೆಬ್ಬೆರಳು ಸಿ-ಕ್ಲಾಂಪ್ ಅಲ್ಲ: ಡಬಲ್ ಬೇಸ್ ಮತ್ತು ನಮ್ಮ ಎಡಗೈ

ತಂತಿವಾದ್ಯ ನುಡಿಸೋರ ಎಡಗೈ ನೋಡಿದರೆ ನಮ್ಮ ಕಣ್ಣಿಗೆ ಬೀಳೋದು ನಾಲ್ಕು ಬೆರಳು ಮಾತ್ರ. ಹೆಬ್ಬೆರಳು ನೆಕ್‌ನ ಹಿಂದೆ ಅಡಗಿರತ್ತೆ. ವಿಡಿಯೋ ನೋಡಿ ಕಲಿಯೋ ನಮ್ಮಂಥವರಿಗೆ ಅಲ್ಲೇನು ನಡೀತಿದೆ ಅನ್ನೋದು ಗೊತ್ತೇ ಆಗಲ್ಲ. ಕೈ ಕೆಡೋದು ಮಾತ್ರ ಹೆಚ್ಚಾಗಿ ಅಲ್ಲಿಂದಲೇ.

ವಾದ್ಯವೃಂದ ಕಟ್ಟುವಾಗ ಡಬಲ್ ಬೇಸ್ ಹಿಡಿಯೋಕೆ ಮುಂದೆ ಬರೋದು ಸಾಮಾನ್ಯವಾಗಿ ಗಿಟಾರ್ ಅಥವಾ ಪಿಟೀಲು ಗೊತ್ತಿರೋರು. ರಾಜ್ಯೋತ್ಸವಕ್ಕೆ ನಾಡಗೀತೆ ಅಭ್ಯಾಸ ಮಾಡ್ತೀವಿ ಅಂತಿಟ್ಟುಕೊಳ್ಳಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಆ ಗೀತೆಯನ್ನ ಐವತ್ತು ಜನ ಹಾಡುವಾಗ ಕೆಳಗಿನಿಂದ ಶ್ರುತಿಗೆ ಆಧಾರ ಕೊಡೋದು ಬೇಸ್. ಉದ್ದುದ್ದ ಸ್ವರ ಹಿಡಿದು ನಿಲ್ಲಬೇಕು. ಹತ್ತು ನಿಮಿಷದಲ್ಲಿ ಹೆಬ್ಬೆರಳ ಬುಡ ಉರಿಯೋಕೆ ಶುರುವಾಗತ್ತೆ. "ರೂಢಿಯಾದರೆ ಸರಿ ಹೋಗತ್ತೆ" ಅನ್ನೋದು ಇಲ್ಲಿ ಕೆಟ್ಟ ಸಲಹೆ. ತಪ್ಪು ಹಿಡಿತ ರೂಢಿಯಾದರೆ ನೋವೂ ರೂಢಿಯಾಗತ್ತೆ.

ಮೊದಲು ಅಳತೆ ನೋಡೋಣ

ಪಿಟೀಲಿನ ತಂತಿಯ ನುಡಿಯೋ ಭಾಗ ಸುಮಾರು 33 ಸೆಂ.ಮೀ. ಬೇಸ್ ಗಿಟಾರಿನದು ಸಾಮಾನ್ಯವಾಗಿ 86 ಸೆಂ.ಮೀ. ಡಬಲ್ ಬೇಸ್‌ನದು ಸುಮಾರು 105 ಸೆಂ.ಮೀ. ಅದರ ನಾಲ್ಕು ತಂತಿ ಇ, ಎ, ಡಿ, ಜಿ. ಅತಿ ಕೆಳಗಿನ ಇ ತಂತಿಯ ಆವರ್ತನ 41 ಹರ್ಟ್ಸ್ ಆಸುಪಾಸು.

ತಂತಿಯ ಉದ್ದ L ಆದರೆ, ಮೇಲಿನ ತುದಿಯಿಂದ n ಅರ್ಧಸ್ವರ ದಾಟಲು ಬೆರಳು ಇಡಬೇಕಾದ ದೂರ L × (1 − 2^(−n/12)). ಲೆಕ್ಕ ಹಾಕಿದರೆ ಡಬಲ್ ಬೇಸ್‌ನಲ್ಲಿ ಮೊದಲ ಅರ್ಧಸ್ವರಕ್ಕೇ ಸುಮಾರು 5.9 ಸೆಂ.ಮೀ. ಬೇಕು. ಪಿಟೀಲಿನಲ್ಲಿ 1.9 ಸೆಂ.ಮೀ. ಸಾಕು. ಬೇಸ್‌ನಲ್ಲಿ ತೋರುಬೆರಳಿಂದ ಕಿರುಬೆರಳಿಗೆ ಒಂದು ಪೂರ್ಣಸ್ವರ ಅಂದ್ರೆ ಹತ್ತು ಸೆಂ.ಮೀ.ಗಿಂತ ಜಾಸ್ತಿ.

ಇಷ್ಟು ಅಗಲಕ್ಕೆ ನಾಲ್ಕೂ ಬೆರಳಿಗೆ ಒಂದೊಂದು ಸ್ವರ ಅಂತ ಹಂಚೋಕೆ ಆಗಲ್ಲ. ಅದಕ್ಕೇ ಕೆಳಸ್ಥಾಯಿಯಲ್ಲಿ 1-2-4 ಅನ್ನೋ ಕ್ರಮ ಬಂತು: ತೋರುಬೆರಳು, ನಡುಬೆರಳು, ಕಿರುಬೆರಳು. ಉಂಗುರ ಬೆರಳು ಕಿರುಬೆರಳ ಜೊತೆ ಸೇರಿ ಬಲ ಕೊಡತ್ತೆ. ಫ್ರಾಂಜ್ ಸಿಮಾಂಡ್ಲ್ (1840–1912) ಬರೆದ ಪಾಠಕ್ರಮ ಇದನ್ನೇ ಅನುಸರಿಸತ್ತೆ. ಇವತ್ತಿಗೂ ಅದರಿಂದ ಕಲಿಯೋರು ಬಹಳ ಜನ.

ಹೆಬ್ಬೆರಳು ಎಲ್ಲಿರಬೇಕು?

ನೆಕ್‌ನ ಹಿಂಭಾಗದಲ್ಲಿ, ಮಧ್ಯದಲ್ಲಿ, ಹೆಚ್ಚುಕಮ್ಮಿ ನಡುಬೆರಳಿಗೆ ಎದುರಾಗಿ. ಕೆಲವರು ತೋರುಬೆರಳು ಮತ್ತು ನಡುಬೆರಳ ನಡುವೆ ಬರೋ ಹಾಗೆ ಇಡ್ತಾರೆ. ಕೈ ಅಳತೆ ನೋಡಿಕೊಂಡು ಇಷ್ಟು ವ್ಯತ್ಯಾಸ ಇರಬಹುದು. ತಾಗಬೇಕಾದ್ದು ಹೆಬ್ಬೆರಳ ಮೆತ್ತನೆ ಭಾಗ. ತುದಿಯೂ ಅಲ್ಲ, ಗಿಣ್ಣೂ ಅಲ್ಲ. ಒಂದು ದೊಡ್ಡ ಲೋಟ ಹಿಡಿದ ಹಾಗೆ ಕೈ ದುಂಡಗಿರಲಿ, ಮಣಿಕಟ್ಟು ಮಡಚದೆ ನೇರ ಇರಲಿ.

ಗಿಟಾರ್‌ನಿಂದ ಬಂದವರಿಗೆ ಹೆಬ್ಬೆರಳನ್ನ ನೆಕ್‌ನ ಮೇಲಕ್ಕೆ ಚಾಚಿ ಕೊಕ್ಕೆ ಹಾಕೋ ಚಾಳಿ ಇರತ್ತೆ. ಹಾಗೆ ಮಾಡಿದ ತಕ್ಷಣ ಅಂಗೈ ನೆಕ್‌ಗೆ ಅಂಟಿಕೊಳ್ಳತ್ತೆ, ಉಳಿದ ಬೆರಳುಗಳ ಚಾಚು ಕಮ್ಮಿಯಾಗತ್ತೆ, ಕಿರುಬೆರಳ ಸ್ವರ ಇಳಿಯತ್ತೆ. ಗಿಟಾರ್‌ನಲ್ಲಿ ಫ್ರೆಟ್ ಇರೋದರಿಂದ ಸ್ವಲ್ಪ ಆಚೀಚೆ ಆದರೂ ನಡೆಯತ್ತೆ. ಇಲ್ಲಿ ಫ್ರೆಟ್ ಇಲ್ಲ.

ಬಲ ಎಲ್ಲಿಂದ?

ಈಗ ಫ್ರೀ ಬಾಡಿ ಡಯಾಗ್ರಾಂ ಬರೆಯೋಣ. ಬೆರಳು ತಂತಿಯನ್ನ ಫಿಂಗರ್‌ಬೋರ್ಡಿಗೆ ಒತ್ತತ್ತೆ. ಆ ಬಲಕ್ಕೆ ಎದುರು ಬಲ ಎಲ್ಲಿಂದಲಾದರೂ ಬರಲೇಬೇಕು. ದಾರಿ ಎರಡು.

ಒಂದು, ಹೆಬ್ಬೆರಳು ಹಿಂದಿನಿಂದ ಒತ್ತೋದು. ಇದು ವರ್ಕ್‌ಶಾಪಿನ ಸಿ-ಕ್ಲಾಂಪ್. ಎರಡೂ ಬಲ ಒಂದೇ ಅಂಗೈಯ ಸ್ನಾಯುಗಳಿಂದಲೇ ಬರಬೇಕು. ಕ್ಲಾಂಪಿಗೆ ಆಯಾಸ ಇಲ್ಲ, ಹೆಬ್ಬೆರಳ ಬುಡದ ಪುಟ್ಟ ಸ್ನಾಯುಗಳಿಗೆ ಇದೆ.

ಎರಡು, ತೋಳಿನ ತೂಕ. ಬಾಗಿದ ಬೆರಳುಗಳು ತಂತಿಗೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡು, ತೋಳು ಅದರಿಂದ ನೇತಾಡಿದ ಹಾಗೆ ಹಿಂದಕ್ಕೆ ಎಳೆಯತ್ತೆ. ಬೇಸ್‌ನ ಫಿಂಗರ್‌ಬೋರ್ಡ್ ನಮ್ಮಿಂದ ಆಚೆ ಮುಖ ಮಾಡಿರೋದರಿಂದ ತಂತಿ ಒತ್ತೋದು ಅಂದ್ರೆ ವಾದ್ಯವನ್ನ ನಮ್ಮ ಕಡೆಗೇ ಎಳೆಯೋದು. ವಾದ್ಯ ನಮ್ಮ ಮೈಗೆ ಒರಗಿ ನಿಂತಿರತ್ತೆ, ಎದುರು ಬಲ ಅಲ್ಲಿಂದ ಸಿಗತ್ತೆ. ಕೆಲಸ ಭುಜ, ಬೆನ್ನಿನ ದೊಡ್ಡ ಸ್ನಾಯುಗಳಿಗೆ ಹಂಚಿಹೋಗತ್ತೆ. ಹೆಬ್ಬೆರಳಿಗೆ ಉಳಿಯೋದು ಕೈ ಎಲ್ಲಿದೆ ಅಂತ ಹೇಳೋ ಕೆಲಸ.

ಆ ಕೆಲಸ ಸಣ್ಣದೇನಲ್ಲ. ಕೈ ಒಂದು ಸ್ಥಾನದಿಂದ ಇನ್ನೊಂದಕ್ಕೆ ಜಾರುವಾಗ ಹೆಬ್ಬೆರಳೂ ಜೊತೆಗೇ ಜಾರಬೇಕು. ಗಟ್ಟಿಯಾಗಿ ಒತ್ತಿದ್ದರೆ ಘರ್ಷಣೆ ಅದನ್ನ ಅಲ್ಲೇ ಹಿಡಿದು ನಿಲ್ಲಿಸತ್ತೆ. ಬೆರಳುಗಳು ಮುಂದೆ ಹೋಗಿ ಸ್ವರ ಮುಟ್ಟದೆ ಒದ್ದಾಡ್ತವೆ. ಹಾಗೇ ಮುಂದೆ ಹೋದರೆ ನೆಕ್ ಮುಗಿದು ವಾದ್ಯದ ಮೈ ಶುರುವಾಗೋ ತಿರುವು ಹೆಬ್ಬೆರಳಿಗೆ ತಾಗತ್ತೆ. ಆಗ ಜಿ ತಂತಿಯ ಮೇಲೆ ತೋರುಬೆರಳು ಕೆಲವು ಬೇಸ್‌ಗಳಲ್ಲಿ ಡಿ ಸ್ವರದ ಮೇಲೆ, ಕೆಲವುಗಳಲ್ಲಿ ಅರ್ಧಸ್ವರ ಮೇಲಿನ ಇ ಫ್ಲ್ಯಾಟ್ ಮೇಲೆ ಇರತ್ತೆ. ಕಣ್ಣು ಮುಚ್ಚಿಕೊಂಡರೂ ಸಿಗೋ ಮೈಲಿಗಲ್ಲು ಇದು.

ತಂತಿಯ ನಟ್ಟನಡುವಿನ ಸ್ವರದ ಹತ್ತಿರ ಬಂದಮೇಲೆ ಹೆಬ್ಬೆರಳು ಹಿಂದಿನಿಂದ ಎದ್ದು ತಂತಿಯ ಮೇಲೇ ಬರತ್ತೆ. ಅದರ ಅಂಚು ತಂತಿಯನ್ನ ಅಡ್ಡಕ್ಕೆ ಒತ್ತಿ, ಜಾಗ ಬದಲಿಸೋ ಮೇರುವಿನ ಹಾಗೆ ಕೆಲಸ ಮಾಡತ್ತೆ. ಕೆಳಗೆ ಹಗುರವಾಗಿ ಚಲಿಸೋದು ಕಲಿಯದ ಹೆಬ್ಬೆರಳು ಇಲ್ಲಿ ಸಕಾಲಕ್ಕೆ ಮೇಲೆ ಬರೋದೇ ಇಲ್ಲ.

ನಮ್ಮ ಪಿಟೀಲಿನ ಪಾಠ

ಈ ತತ್ವ ನಮಗೆ ಹೊಸದಲ್ಲ. ಕರ್ನಾಟಕ ಸಂಗೀತದಲ್ಲಿ ಪಿಟೀಲು ನುಡಿಸೋರು ಚಕ್ಕಂಬಕ್ಕಳ ಹಾಕಿ ಕೂತು, ವಾದ್ಯದ ಸುರುಳಿ ತುದಿಯನ್ನ ಬಲಗಾಲಿನ ಪಾದದ ಹತ್ತಿರ ಊರಿ, ಇನ್ನೊಂದು ತುದಿಯನ್ನ ಎದೆ-ಭುಜಕ್ಕೆ ಒರಗಿಸ್ತಾರೆ. ಎರಡೂ ತುದಿಗೆ ಆಸರೆ ಸಿಕ್ಕಿದ್ದರಿಂದ ಎಡಗೈಗೆ ವಾದ್ಯ ಹೊರೋ ಕೆಲಸ ಇಲ್ಲ. ಗಮಕ, ಜಾರುಗಳಿಗೆ ಕೈ ಉದ್ದಕ್ಕೂ ಓಡಾಡಬೇಕು, ಹೆಬ್ಬೆರಳು ಅದಕ್ಕೆ ದಾರಿ ಬಿಡಬೇಕು. ಪಿಟೀಲು ಕಲಿತವರು ಬೇಸ್‌ಗೆ ಬಂದಾಗ ಹೆಬ್ಬೆರಳ ಜಾಗವನ್ನ ನೆಕ್‌ನ ಪಕ್ಕದಿಂದ ಹಿಂದಕ್ಕೆ ಬದಲಿಸಿದರೆ ಸಾಕು. ಜಾರೋ ಗುಣ ಆಗಲೇ ಕೈಯಲ್ಲಿರತ್ತೆ.

ಇನ್ನೊಂದು ಭ್ರಮೆ: ಜೋರಾಗಿ ಒತ್ತಿದರೆ ದನಿ ಜೋರಾಗತ್ತೆ ಅನ್ನೋದು. ತಂತಿ ಫಿಂಗರ್‌ಬೋರ್ಡಿಗೆ ಸರಿಯಾಗಿ ತಾಗಿದ ಮೇಲೆ ಎಡಗೈಯ ಹೆಚ್ಚುವರಿ ಬಲ ದಂಡ. ದನಿ ಬರೋದು ಕಮಾನಿನಿಂದ ಅಥವಾ ಮೀಟೋ ಬೆರಳಿಂದ, ಆಮೇಲೆ ವಾದ್ಯದ ರಚನೆಯಿಂದ. ಬಿಡಾರಂ ಕೃಷ್ಣಪ್ಪನವರ ಶಿಷ್ಯ, ಮೈಸೂರಿನ ಟಿ. ಚೌಡಯ್ಯ (1895–1967) ಪಿಟೀಲಿನ ದನಿ ದೊಡ್ಡ ಸಭೆಗೂ ಕೇಳಬೇಕು ಅಂದುಕೊಂಡಾಗ ನಾಲ್ಕು ತಂತಿಯ ವಾದ್ಯವನ್ನೇ ಏಳು ತಂತಿಯದಾಗಿ ಬದಲಿಸಿದರು. ಬೆಂಗಳೂರಿನ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದ ಸಭಾಂಗಣಕ್ಕೆ ಇರೋದು ಅವರದೇ ಹೆಸರು.

ಮಾಡಿ ನೋಡಿ

ಒಂದು ಉದ್ದ ಸ್ವರ ನುಡಿಸ್ತಾ ಹೆಬ್ಬೆರಳನ್ನ ಮೆಲ್ಲಗೆ ನೆಕ್‌ನಿಂದ ಬಿಡಿಸಿ. ದನಿ ಹಾಗೇ ಇದ್ದರೆ ಬಲ ತೋಳಿಂದ ಬರ್ತಿದೆ. ದನಿ ಗೊರಗೊರ ಅಂದರೆ ಅಷ್ಟು ಹೊತ್ತೂ ಕ್ಲಾಂಪ್ ಕೆಲಸ ಮಾಡ್ತಿತ್ತು ಅಂತ ಅರ್ಥ.

ಸ್ವರ ಹಿಡಿದಿರುವಾಗಲೇ ಹೆಬ್ಬೆರಳಿಂದ ನೆಕ್‌ನ ಹಿಂದೆ ತಾಳ ತಟ್ಟಿ. ಬಿಗಿಹಿಡಿದ ಬೆರಳು ತಟ್ಟಲಾರದು.

ಬೆರಳುಗಳನ್ನ ತಂತಿಯ ಮೇಲೆ ಹಗುರವಾಗಿಟ್ಟು, ಇಡೀ ಕೈಯನ್ನ ಮೇಲೆ ಕೆಳಗೆ ಜಾರಿಸಿ. ಹೆಬ್ಬೆರಳು ಹಿಂದೆ ಉಳೀತಿದೆಯಾ ಅಂತ ಪಕ್ಕದಲ್ಲಿ ನಿಂತ ಗೆಳೆಯರು ನೋಡಲಿ, ಇಲ್ಲಾ ಫೋನನ್ನ ನೆಕ್‌ನ ಹಿಂದಿಂದ ಹಿಡಿದು ರೆಕಾರ್ಡ್ ಮಾಡಲಿ.

ಇಷ್ಟು ಮಾಡಿದರೂ ತಂತಿ ಒತ್ತೋಕೆ ಕಷ್ಟ ಆಗ್ತಿದ್ದರೆ ತಂತಿ ಫಿಂಗರ್‌ಬೋರ್ಡಿಂದ ಎಷ್ಟು ಎತ್ತರದಲ್ಲಿದೆ ನೋಡಿ. ಹಲವರ ಕೈ ಬದಲಾದ ಹಳೇ ವಾದ್ಯದಲ್ಲಿ ಅದು ಅತಿಯಾಗಿ ಎತ್ತರ ಇರಬಹುದು. ಅದು ಕೈಯ ತಪ್ಪಲ್ಲ. ವಾದ್ಯ ರಿಪೇರಿ ಗೊತ್ತಿರೋರು ಕುದುರೆಯ ಎತ್ತರ ತಗ್ಗಿಸಬೇಕು.

ನಮ್ಮ ಹೆಬ್ಬೆರಳು ಬೇಸ್‌ಗಷ್ಟೇ ದುಡಿಯಲ್ಲ. ಫೋನಲ್ಲಿ ಟೈಪ್ ಮಾಡೋದೂ ಅದೇ. ಹೆಬ್ಬೆರಳ ಬದಿಯ ಮಣಿಕಟ್ಟಿನಲ್ಲಿ ಸ್ನಾಯುರಜ್ಜುಗಳ ಹೊದಿಕೆ ಊದಿಕೊಂಡು ನೋಯೋ ಡಿ ಕ್ವೆರ್ವೇನ್ ಅನ್ನೋ ತೊಂದರೆ ಅತಿಬಳಕೆಯಿಂದ ಬರಬಹುದು. ಹಾಗಾಗಿ ಒಂದೇಟಿಗೆ ಎರಡು ಗಂಟೆ ಬದಲು ಹದಿನೈದು ನಿಮಿಷದ ನಾಲ್ಕು ಸಲದ ಅಭ್ಯಾಸ ಇರಲಿ. ನೋವು ಬಂದರೆ ನಿಲ್ಲಿಸಿ. ವಿಶ್ರಾಂತಿ ಕೊಟ್ಟರೂ ಹೋಗದಿದ್ದರೆ, ಬೆರಳು ಜೋಮು ಹಿಡಿದರೆ, ಕಾರ್ಯಕ್ರಮ ನಾಳೆಯೇ ಇದ್ದರೂ ವೈದ್ಯರ ಹತ್ತಿರ ಹೋಗಿ. ಆ ದಿನ ಬೇರೆಯವರು ಕೀಬೋರ್ಡಿನಲ್ಲಿ ಬೇಸ್ ನುಡಿಸಬಹುದು.