ಬೀಳುವ ಹಲ್ಲೆಂದು ಉದಾಸೀನವೇಕೆ?

ಹೊಸಕೆರೆಹಳ್ಳಿಯ ಒಂದು ಮನೆ. ಬಾಣಂತನಕ್ಕೆಂದು ತವರಿಗೆ ಬಂದ ಮಗಳು ಏಳು ತಿಂಗಳ ಕೂಸಿಗೆ ರಾಗಿಸರಿ ತಿನ್ನಿಸುತ್ತಿದ್ದಾಳೆ. ಬೆಳ್ಳಿಯ ಚಮಚ ಕೂಸಿನ ವಸಡಿಗೆ ತಗುಲಿ 'ಟಿಣ್' ಎಂದಿತು. ಅಡಿಗೆಮನೆಯಿಂದ ಓಡಿಬಂದ ಅಜ್ಜಿಯ ಮೊದಲ ಪ್ರಶ್ನೆ: "ಕೆಳಗಿನ ಹಲ್ಲೇನೇ, ಮೇಲಿನದೇನೇ?"

"ಕೆಳಗಿನದೇ ಅಮ್ಮ" ಎಂದ ಮೇಲೆ ಆಕೆಗೆ ನೆಮ್ಮದಿ. ಮೇಲಿನ ಹಲ್ಲು ಮೊದಲು ಮೂಡಿದರೆ ಸೋದರಮಾವನಿಗೆ ಆಗಿಬರುವುದಿಲ್ಲವೆಂಬುದು ಹಿರಿಯರಿಂದ ಬಂದ ನಂಬಿಕೆ. ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ಆ ಸೋದರಮಾವನು ನಕ್ಕು ಸುಮ್ಮನಾದನು.

ಕೆರೆಯ ಪಕ್ಕದ ಹಳ್ಳಿಯಾಗಿದ್ದ ಹೊಸಕೆರೆಹಳ್ಳಿ ಇಂದು ಮಹಾನಗರದ ಬಡಾವಣೆ. ಆದರೂ ಮೊದಲ ಹಲ್ಲಿನ ಸಂಭ್ರಮವಾಗಲಿ, ಅದರೊಡನೆ ಬಂದ ತಪ್ಪು ಕಲ್ಪನೆಗಳಾಗಲಿ ಬದಲಾಗಿಲ್ಲ. ಸೋದರಮಾವನ ಗಂಡಾಂತರದಿಂದ ಯಾರಿಗೂ ತೊಂದರೆಯಿಲ್ಲ. ನಿಜವಾಗಿ ಕೇಡು ಮಾಡುವುದು "ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಆರೈಕೆ?" ಎಂಬ ಮಾತು.

ಹಲ್ಲು ಮೂಡುವ ಕ್ರಮ

ಕೂಸು ತಾಯಿಯ ಗರ್ಭದಲ್ಲಿರುವಾಗಲೇ ಹಾಲುಹಲ್ಲುಗಳು ವಸಡಿನೊಳಗೆ ರೂಪುಗೊಳ್ಳತೊಡಗಿರುತ್ತವೆ. ಸಾಮಾನ್ಯವಾಗಿ 6ನೆಯ ತಿಂಗಳ ಸುಮಾರಿಗೆ ಕೆಳಗಿನ ಎರಡು ಮುಂಬಲ್ಲುಗಳೂ ಆಮೇಲೆ ಮೇಲಿನವೂ ಮೂಡುತ್ತವೆ. ಎರಡೂವರೆಯಿಂದ 3 ವರ್ಷದೊಳಗೆ 20 ಹಾಲುಹಲ್ಲುಗಳೂ ಪೂರ್ಣವಾಗುತ್ತವೆ. ಕೆಲವು ಕೂಸುಗಳಿಗೆ ನಾಲ್ಕೇ ತಿಂಗಳಿಗೆ, ಕೆಲವಕ್ಕೆ ವರ್ಷ ತುಂಬುವ ಹೊತ್ತಿಗೆ ಮೊದಲ ಹಲ್ಲು ಬರುವುದುಂಟು. ನೆರೆಮನೆಯ ಕೂಸಿನೊಡನೆ ಹೋಲಿಸಿ ಚಿಂತಿಸಬೇಕಾದುದಿಲ್ಲ.

ಜ್ವರಕ್ಕೆ ಹಲ್ಲು ಹೊಣೆಯಲ್ಲ

ಹಲ್ಲು ಬರುವ ಕಾಲದಲ್ಲಿ ಕೂಸು ಜೊಲ್ಲು ಸುರಿಸುತ್ತದೆ, ಕೈಗೆ ಸಿಕ್ಕಿದ್ದನ್ನು ಕಚ್ಚುತ್ತದೆ, ರಾತ್ರಿ ರಚ್ಚೆ ಹಿಡಿಯುತ್ತದೆ. ಇದೆಲ್ಲ ಸಹಜ. ಆದರೆ ಬಲವಾದ ಜ್ವರ, ಭೇದಿಗಳನ್ನು ಹಲ್ಲಿನ ಲೆಕ್ಕಕ್ಕೆ ಬರೆಯುವುದು ಅಪಾಯಕರ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕ್ಷೀಣಿಸುವುದೂ, ಕೂಸು ಕಂಡದ್ದನ್ನೆಲ್ಲ ಬಾಯಿಗಿಡತೊಡಗುವುದೂ ಇದೇ ಕಾಲದಲ್ಲಿ. ಆದುದರಿಂದಲೇ ಸೋಂಕುಗಳೂ ಆಗಲೇ ಹೆಚ್ಚು. "ಹಲ್ಲಿನ ಭೇದಿ, ತಾನಾಗಿ ನಿಲ್ಲುತ್ತದೆ" ಎಂದು ಎರಡು ದಿನ ಕಾದರೆ ಮೈಯ ನೀರಿನಂಶ ಬತ್ತಿ ಕೂಸಿನ ಪ್ರಾಣಕ್ಕೇ ಸಂಚಕಾರ ಬರಬಹುದು.

ಈ ತಪ್ಪು ನಮ್ಮವರದಷ್ಟೇ ಅಲ್ಲ. 17ನೆಯ ಶತಮಾನದ ಲಂಡನ್ ನಗರದ ಮರಣಪಟ್ಟಿಗಳಲ್ಲಿ 'ಹಲ್ಲು' ಎಂಬುದೇ ಸಾವಿನ ಒಂದು ಕಾರಣವಾಗಿತ್ತು! ಪಾಶ್ಚಾತ್ಯ ದೇಶಗಳಲ್ಲಿ ಹಲ್ಲು ಬರುವ ಮಕ್ಕಳಿಗೆಂದು ಮಾರುತ್ತಿದ್ದ ಪುಡಿಗಳಲ್ಲಿ ಪಾದರಸವಿದ್ದು, ಅದರಿಂದಲೇ ಅನೇಕ ಕೂಸುಗಳು ನರಳಿದವು. 1950ರ ದಶಕದಲ್ಲಿ ಆ ಪುಡಿಗಳು ಮಾರುಕಟ್ಟೆಯಿಂದ ಮರೆಯಾದ ಮೇಲೆ ಆ ಕಾಯಿಲೆಯೂ ಬಹುಮಟ್ಟಿಗೆ ಮಾಯವಾಯಿತು.

ವಸಡಿನ ನೋವಿಗೆ ಚೆನ್ನಾಗಿ ತೊಳೆದ ಬೆರಳಿನಿಂದ ಮೆಲ್ಲಗೆ ತಿಕ್ಕುವುದು ಅಥವಾ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಕಚ್ಚಲು ಕೊಡುವುದು ಸಾಕು. ಮರವಿಸುವ ಮುಲಾಮುಗಳನ್ನು ವೈದ್ಯರನ್ನು ಕೇಳದೆ ಹಚ್ಚಬಾರದು. ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು.

ಹುಳುವಿಲ್ಲದ ಹುಳುಕು

ಹುಳುಕು ಹಲ್ಲಿನಲ್ಲಿ ಹುಳುವಿಲ್ಲ. ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಹಾಲುಹಲ್ಲಿನ ಕವಚ ತೆಳುವಾದುದರಿಂದ ಹುಳುಕು ಬೇಗ ಹಬ್ಬುತ್ತದೆ. ಬೆಲ್ಲ, ಕಲ್ಲುಸಕ್ಕರೆಗಳೂ ಈ ವಿಷಯದಲ್ಲಿ ಸಕ್ಕರೆಯ ಒಡಹುಟ್ಟಿದವೇ.

ಸಕ್ಕರೆ ಬೆರೆಸಿದ ಹಾಲಿನ ಸೀಸೆಯನ್ನು ಬಾಯಿಗಿಟ್ಟು ಕೂಸನ್ನು ಮಲಗಿಸುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದು. ನಿದ್ರೆಯಲ್ಲಿ ಜೊಲ್ಲು ಕಡಿಮೆ. ಹಾಲು ಇಡೀ ರಾತ್ರಿ ಹಲ್ಲಿಗೆ ಅಂಟಿರುತ್ತದೆ. ಕೆಳಗಿನ ಮುಂಬಲ್ಲುಗಳಿಗೆ ನಾಲಗೆಯ ಮರೆಯುಂಟು. ಮೇಲಿನವಕ್ಕೆ ಅದಿಲ್ಲವಾದುದರಿಂದ ಅವೇ ಮೊದಲು ಹುಳುಕುತ್ತವೆ. ವಸಡಿನ ಅಂಚಿನಲ್ಲಿ ಸುಣ್ಣದ ಗೆರೆಯಂಥ ಬಿಳುಪು ಕಂಡರೆ ಅದೇ ಮೊದಲ ಎಚ್ಚರಿಕೆ. ಆ ಹಂತದಲ್ಲಿ ವೈದ್ಯರಲ್ಲಿಗೆ ಹೋದರೆ ಹಲ್ಲನ್ನು ಉಳಿಸಿಕೊಳ್ಳಬಹುದು. ಕಂದು ಬಣ್ಣದ ಕುಳಿ ಬಿದ್ದ ಮೇಲೆ ಚಿಕಿತ್ಸೆ ದೀರ್ಘ, ನೋವೂ ಹೆಚ್ಚು.

'ಬೀಳುವ ಹಲ್ಲು' ಎನ್ನುವವರು ಒಂದನ್ನು ಮರೆಯುತ್ತಾರೆ. ಮುಂಬಲ್ಲುಗಳು 6-7ನೆಯ ವಯಸ್ಸಿನಲ್ಲಿ ಬಿದ್ದರೂ ಹಾಲಿನ ದವಡೆಹಲ್ಲುಗಳು 10-12ರವರೆಗೆ ಇರಬೇಕಾದವು. ಮಗು ಅಗಿದು ತಿನ್ನುವುದು ಅವುಗಳಿಂದಲೇ. ಶಾಶ್ವತ ಹಲ್ಲುಗಳಿಗೆ ಸ್ಥಳ ಕಾದಿರಿಸುವುದೂ ಅವೇ. ಅವು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲುಗಳು ವಾಲಿ, ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ. ಹಾಲುಹಲ್ಲಿನ ಕೀವು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲನ್ನೂ ಕೆಡಿಸಬಲ್ಲುದು. ಹಲ್ಲುನೋವಿನಿಂದ ಮಗು ಊಟ ಬಿಟ್ಟು, ನಿದ್ರೆಗೆಟ್ಟು ಸೊರಗುವುದಂತೂ ಕಣ್ಣೆದುರಿನ ಕಷ್ಟ.

ತಾಯಂದಿರು ಮಾಡಬೇಕಾದುದು

ಹಲ್ಲು ಮೂಡುವ ಮೊದಲೇ ಒದ್ದೆಯ ತೆಳುಬಟ್ಟೆಯಿಂದ ವಸಡನ್ನು ಒರೆಸುವುದು ಒಳ್ಳೆಯ ಅಭ್ಯಾಸ. ಮೊದಲ ಹಲ್ಲು ಕಂಡ ದಿನದಿಂದ ಮೃದುವಾದ ಪುಟ್ಟ ಬ್ರಷ್ಷಿನಿಂದ ದಿನಕ್ಕೆ ಎರಡು ಬಾರಿ ಉಜ್ಜಬೇಕು. ರಾತ್ರಿ ಉಜ್ಜುವುದನ್ನು ಎಂದಿಗೂ ತಪ್ಪಿಸಬಾರದು. ಆಮೇಲೆ ನೀರಲ್ಲದೆ ಬೇರೇನೂ ಕೊಡದಿದ್ದರೆ ಲೇಸು. ಫ್ಲೋರೈಡ್ ಇರುವ ಪೇಸ್ಟು 3 ವರ್ಷದವರೆಗೆ ಅಕ್ಕಿಕಾಳಿನಷ್ಟು, ಅಲ್ಲಿಂದ 6ರವರೆಗೆ ಬಟಾಣಿಕಾಳಿನಷ್ಟು ಸಾಕು. 7-8 ವರ್ಷದವರೆಗೂ ಹಿರಿಯರೇ ನಿಂತು ಉಜ್ಜಿಸಬೇಕು. ವರ್ಷ ತುಂಬುತ್ತಲೇ ಸೀಸೆ ಬಿಡಿಸಿ ಲೋಟದ ರೂಢಿ ಮಾಡಿಸಬೇಕು.

ಕೊಳವೆಬಾವಿಯ ನೀರನ್ನು ಕುಡಿಯುವ ಮನೆಯವರು ಅದರಲ್ಲಿನ ಫ್ಲೋರೈಡನ್ನು ಪರೀಕ್ಷೆ ಮಾಡಿಸುವುದು ವಿವೇಕ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಮುಂದೆ ಬರುವ ಶಾಶ್ವತ ಹಲ್ಲುಗಳಲ್ಲಿ ಕಲೆ ಮೂಡಬಹುದು. ಕೋಲಾರ, ತುಮಕೂರು ಜಿಲ್ಲೆಗಳ ಅನೇಕ ಹಳ್ಳಿಗಳ ಅನುಭವ ಇದೇ.

ಮೊದಲ ಹುಟ್ಟುಹಬ್ಬದೊಳಗೆ ಕೂಸನ್ನು ಒಮ್ಮೆ ದಂತವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ ಸ್ಥಾಪನೆಯಾಯಿತು. ಹೊಸಕೆರೆಹಳ್ಳಿಯವರಿಗೆ ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ಕಾಲೇಜು, ಜೆ.ಪಿ. ನಗರದ ಆರ್.ವಿ. ದಂತವೈದ್ಯಕೀಯ ಕಾಲೇಜುಗಳೂ ದೂರವಲ್ಲ. ಮಕ್ಕಳ ಹಲ್ಲಿಗೆಂದೇ ಇಂಥ ಕಾಲೇಜುಗಳಲ್ಲಿ ಪ್ರತ್ಯೇಕ ವಿಭಾಗವುಂಟು.

ಉದುರಿದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲೆಸೆಯುವ ಪದ್ಧತಿ ನಮ್ಮಲ್ಲುಂಟು. ಆ ಕೂಸಿಗೂ ಆರು ವರ್ಷ ತುಂಬುವುದು. ಅಜ್ಜಿ ಸಗಣಿಯನ್ನು ಎಲ್ಲಿಂದಲೋ ಹುಡುಕಿ ತರುವಳು, ಹಂಚಿಲ್ಲದಿದ್ದರೆ ತಾರಸಿಯೇ ಆದೀತು. ಅಂದು ಅಂಗೈಗೆ ಬರುವ ಹಲ್ಲು ಹುಳುಕಿಲ್ಲದೆ, ತನ್ನ ಕಾಲಕ್ಕೆ, ತಾನಾಗಿಯೇ ಉದುರಿದ್ದಾಗಿರಲಿ.