ಸಾಗರದಾಚೆಯ ಕನ್ನಡ ಕೂಟಗಳು

‘ಕೂಟ’ ಎಂಬುದು ಅಚ್ಚಗನ್ನಡ ಶಬ್ದ. ಆಡು ಎಂಬ ಧಾತುವಿನಿಂದ ಆಟ, ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ ಆದಂತೆ ಕೂಡು ಎಂಬುದರಿಂದ ಕೂಟವಾಗಿದೆ. ಶಿಖರ, ಕಪಟ ಎಂಬ ಅರ್ಥಗಳುಳ್ಳ ಸಂಸ್ಕೃತದ ‘ಕೂಟ’ ಬೇರೆ. ಅದನ್ನು ಇಲ್ಲಿಗೆ ಎಳೆದು ತರಲಾಗದು. ಅಮೆರಿಕೆಯಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಸಂಸ್ಥೆಗಳಿಗೆ ಬಹುಮಟ್ಟಿಗೆ ಈ ಹೆಸರನ್ನೇ ಆರಿಸಿಕೊಂಡದ್ದು ಉಚಿತವಾಗಿದೆ. ಕೂಡಲಸಂಗಮದ ‘ಕೂಡಲ’ವೂ ಇದೇ ಧಾತುವಿನದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ಕೂಟಗಳ ಹುಟ್ಟಿಗೆ ಒಂದು ಶಾಸನ ಕಾರಣವಾಯಿತು. ವಲಸೆಗಾರರಿಗೆ ಜನ್ಮದೇಶವನ್ನು ನೋಡಿ ಪ್ರವೇಶದ ಮಿತಿ ಹಾಕುತ್ತಿದ್ದ ಪದ್ಧತಿಯನ್ನು ಅಮೆರಿಕೆಯು 1965ರಲ್ಲಿ ರದ್ದುಪಡಿಸಿತು. ವೈದ್ಯರು, ಎಂಜಿನಿಯರರು, ಪ್ರಾಧ್ಯಾಪಕರು ಅಲ್ಲಿಗೆ ತೆರಳತೊಡಗಿದರು. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ ಸ್ಥಾಪಿತವಾದದ್ದು 1973ರಲ್ಲಿ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದದ್ದೂ ಅದೇ ವರ್ಷದ ನವೆಂಬರ್ 1ರಂದು. ವಾಷಿಂಗ್ಟನ್ನಿನಲ್ಲಿ ಕಾವೇರಿ, ಡೆಟ್ರಾಯಿಟ್‌ನಲ್ಲಿ ಪಂಪ, ಷಿಕಾಗೋದಲ್ಲಿ ವಿದ್ಯಾರಣ್ಯ, ಅಟ್ಲಾಂಟದಲ್ಲಿ ನೃಪತುಂಗ—ಹೀಗೆ ನದಿಯನ್ನೂ ಕವಿಯನ್ನೂ ಅರಸನನ್ನೂ ಹೆಸರಿನಲ್ಲಿ ಹೊತ್ತ ಕೂಟಗಳು ನಿಂತವು.

ಮೊದಮೊದಲು ಇವು ದೊಡ್ಡ ಸಂಸ್ಥೆಗಳಾಗಿರಲಿಲ್ಲ. ಯುಗಾದಿಯನ್ನು ಪಂಚಾಂಗದ ದಿನ ಬಿಟ್ಟು ಸಮೀಪದ ಶನಿವಾರಕ್ಕೆ ಸರಿಸಿ, ಯಾವುದೋ ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಮನೆಗೊಂದು ಅಡಿಗೆಯಂತೆ ತಂದು ಕೂಡಿ ಉಣ್ಣುವುದು. ಬಳಿಕ ಹಾಡು, ಒಂದು ಚಿಕ್ಕ ನಾಟಕ. ಶಾಸ್ತ್ರಜ್ಞರು ಆಕ್ಷೇಪಿಸಬಹುದಾದರೂ ರಜೆಯಿಲ್ಲದ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನಂತೂ ಕಾಣೆ. 1990ರ ದಶಕದಲ್ಲಿ ಗಣಕಯಂತ್ರದ ಉದ್ಯೋಗವನ್ನು ಹಿಡಿದ ತರುಣರು ಹೋಗಿ ಸೇರಿದ ಮೇಲೆ ಸದಸ್ಯಬಲ ಹೆಚ್ಚಿತು. ಕೂಟಗಳ ಒಕ್ಕೂಟವಾದ ‘ಅಕ್ಕ’ 2000ದಲ್ಲಿ ಹ್ಯೂಸ್ಟನ್ನಿನಲ್ಲಿ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನವನ್ನು ನೆರವೇರಿಸಿತು. 2002ರಲ್ಲಿ ಡೆಟ್ರಾಯಿಟ್ ಸಮ್ಮೇಳನ ನಡೆಯಿತು. ಬೆಳೆದ ಮನೆಯಲ್ಲಿ ಪಾಲು ಸಹಜವಷ್ಟೆ. ಮುಂದೆ ‘ನಾವಿಕ’ ಎಂಬ ಮತ್ತೊಂದು ಸಂಸ್ಥೆಯೂ ಹುಟ್ಟಿತು. ಚಲನಚಿತ್ರ ತಾರೆಯರ ಸಡಗರಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಕನ್ನಡ ಸಾಹಿತ್ಯ ರಂಗದ ಕಾರ್ಯ. 2004ರಿಂದ ಅದು ಸುಮಾರು ಎರಡು ವರ್ಷಗಳಿಗೊಮ್ಮೆ ವಸಂತ ಸಾಹಿತ್ಯೋತ್ಸವ ನಡೆಸಿ, ಅಲ್ಲಿಯ ಕನ್ನಡಿಗರೇ ಬರೆದ ಗ್ರಂಥಗಳನ್ನು ಪ್ರಕಟಿಸುತ್ತ ಬಂದಿದೆ.

ನಮ್ಮ ಸಮಾಜದವರೂ ಹಿಂದುಳಿದಿಲ್ಲ. ಉತ್ತರ ಅಮೆರಿಕದ ವೀರಶೈವ ಸಮಾಜವು ಕಳೆದ ಶತಮಾನದಲ್ಲಿಯೇ ರೂಪುಗೊಂಡಿತು. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರ್ 14ರಂದು ಅಣ್ಣ ಬಸವಣ್ಣನವರ ಪ್ರತಿಮೆ ಅನಾವರಣಗೊಂಡುದನ್ನು ಎಲ್ಲರೂ ಬಲ್ಲರು.

ಆದರೆ ನಿಜವಾದ ಪರೀಕ್ಷೆ ಮಕ್ಕಳದು. ಇಂಗ್ಲಿಷಿನಲ್ಲಿ ಳಕಾರವಿಲ್ಲ. ಆದುದರಿಂದ ಅಲ್ಲಿ ಹುಟ್ಟಿದ ಮಗುವಿಗೆ ಬೆಲೆಗೂ ಬೆಳೆಗೂ, ಹಾಲಿಗೂ ಹಾಳಿಗೂ ಭೇದ ಕಿವಿಗೇ ಬೀಳದು. ‘ನೀನು’, ‘ನೀವು’ ಎರಡಕ್ಕೂ ಅಲ್ಲಿ ಒಂದೇ ಶಬ್ದವಾದ್ದರಿಂದ ಹಿರಿಯರನ್ನು ಏಕವಚನದಲ್ಲಿ ಕರೆದುಬಿಡುತ್ತದೆ. ಅದು ಉದ್ಧಟತನವಲ್ಲ, ವ್ಯಾಕರಣದ ಅಭಾವ. ಕೂಟಗಳು ವಾರದ ಕೊನೆಗೆ ಕನ್ನಡ ತರಗತಿಗಳನ್ನು ನಡೆಸುತ್ತವೆ. ಕೆಲವು ತಾವೇ ಪಾಠಗಳನ್ನೂ ರಚಿಸಿಕೊಂಡಿವೆ. ನಮ್ಮ ಒಂದನೆಯ ಇಯತ್ತೆಯ ಪುಸ್ತಕ ಅಲ್ಲಿಗೆ ಸಲ್ಲದು. ಅದು ಕನ್ನಡವಾಡಬಲ್ಲ ಮಗುವಿಗೆ ಅಕ್ಷರ ಕಲಿಸಲು ಬರೆದದ್ದು. ಆ ಮಕ್ಕಳಿಗಾದರೋ ಮೊದಲು ಮಾತು ಬೇಕು, ಅಕ್ಷರ ಆಮೇಲೆ. ಸಂವಾದರೂಪದ ಇಂತಹ ಪಾಠಗಳನ್ನು ಬರೆಯಬಲ್ಲ ಅನುಭವಿ ಅಧ್ಯಾಪಕರು ಈ ಸಂಚಿಕೆಯ ವಾಚಕರಲ್ಲಿಯೇ ಇದ್ದಾರೆ. ಅಚ್ಚು ಹಾಕಿಸಬಲ್ಲ ದಾನಿಗಳೂ ಇದ್ದಾರೆ. ಮೊದಲ ಪಾಠ ಅ, ಆ, ಇ, ಈ ಆಗಿರದೆ, ಊರಿನಲ್ಲಿರುವ ಅಜ್ಜಿಯೊಡನೆ ದೂರವಾಣಿಯಲ್ಲಿ ಆಡುವ ಹತ್ತು ವಾಕ್ಯಗಳಾಗಿರಲಿ.