ಸಾಕಿ ನೋಡಲಾಗದ ಸೂಕ್ಷ್ಮಜೀವಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಒಂದು ಸಂಸಾರದ ಸ್ಥಿತಿಗತಿಯನ್ನು ಅರಿಯಬೇಕಾದರೆ ಮನೆಯ ಅಟ್ಟವನ್ನು ನೋಡಿದರೆ ಸಾಕು. ತೆಂಗಿನಕಾಯಿ ಅಲ್ಲಿ ಹತ್ತು ಹನ್ನೆರಡು ತಿಂಗಳು ಕುಳಿತು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗುವುದು. ಮಗಳ ಮದುವೆ, ಮಗನ ಓದು, ಸಾಲದ ತೀರುವಳಿ ಇವೆಲ್ಲಕ್ಕೂ ಕೊಬ್ಬರಿಯ ಧಾರಣೆಯ ಕಡೆಗೇ ಕಣ್ಣು. ಅಜ್ಜನು ನೆಟ್ಟ ಮರದ ಫಲವನ್ನು ಮೊಮ್ಮಗನು ಉಣ್ಣುವ ಇಂತಹ ನಾಡಿನಲ್ಲಿ ಒಂದು ಮರ ಸೊರಗಿತೆಂದರೆ ಹೋಗುವುದು ಒಂದು ವರ್ಷದ ಬೆಳೆಯಲ್ಲ, ಒಂದು ತಲೆಮಾರಿನ ಗಂಟು. ಆದುದರಿಂದ ಗರಿ ಹಳದಿಗೆ ತಿರುಗಿದೊಡನೆ ಮನೆಯವರು ಕೇಳುವ ಮೊದಲನೆಯ ಮಾತು, "ಈ ಮರಕ್ಕೆ ಏನು ತಗುಲಿತು?" ಎಂಬುದೇ. ಕೇಳುವುದು ಸುಲಭ. ಉತ್ತರವನ್ನು ಹುಡುಕಿದ ಬಗೆ ಮಾತ್ರ ನಮ್ಮ ವಾಚಕರು ತಿಳಿಯತಕ್ಕದ್ದಾಗಿದೆ.

ನಮ್ಮ ಸೀಮೆಯ ತೋಟಗಳು ಬಹುಕಾಲದಿಂದ ಬಲ್ಲ ವೈರಿಯೊಂದುಂಟು. ಅದು ಅಣಬೆ ರೋಗ. ಬೊಡ್ಡೆಯಿಂದ ಕಂದು ಬಣ್ಣದ ರಸ ಸೋರುವುದು, ಗರಿಗಳು ಜೋತುಬೀಳುವುವು, ಕೆಲವು ವೇಳೆ ಬುಡದಲ್ಲಿ ಅಣಬೆಯೇ ಎದ್ದು ನಿಲ್ಲುವುದು. ಈ ಕಳ್ಳನು ಸಿಕ್ಕಿಬೀಳುವವನು. ಕೊಳೆತ ಬೇರಿನ ಚೂರೊಂದನ್ನು ತಂದು ತಕ್ಕ ಆಹಾರವಿಟ್ಟ ಗಾಜಿನ ತಟ್ಟೆಯಲ್ಲಿ ಹಾಕಿದರೆ ಶಿಲೀಂಧ್ರವು ಬೆಳೆದು ಕಣ್ಣಿಗೆ ಕಾಣುವುದು. ಅಡಿಕೆ ಮತ್ತು ತೆಂಗಿನ ಮರಗಳ ಮೇಲಣ ಈ ಶಿಲೀಂಧ್ರದ ಜೀವನಕ್ರಮವನ್ನು ಕುರಿತು ಎಸ್. ವಿ. ವೆಂಕಟರಾಯನ್ ಅವರು 1936ರಲ್ಲಿಯೇ ಲೇಖನವನ್ನು ಪ್ರಕಟಿಸಿದರು.

ಹೀಗೆ ರೋಗಾಣುವನ್ನು ಬೇರ್ಪಡಿಸಿ, ತಟ್ಟೆಯಲ್ಲಿ ಸಾಕಿ, ಮತ್ತೆ ಆರೋಗ್ಯವಂತ ದೇಹಕ್ಕೆ ತಗುಲಿಸಿ ಅಪರಾಧವನ್ನು ಸ್ಥಾಪಿಸುವ ಕ್ರಮವನ್ನು ನೆಲೆಗೊಳಿಸಿದವನು ಜರ್ಮನಿಯ ರಾಬರ್ಟ್ ಕಾಕ್. ಅವನು ಕ್ಷಯರೋಗದ ಕ್ರಿಮಿಯನ್ನು ಲೋಕಕ್ಕೆ ತೋರಿಸಿದ್ದು 1882ರಲ್ಲಿ. ವಿಚಿತ್ರವೆಂದರೆ, ಈ ಕ್ರಮಕ್ಕೆ ಸ್ವಲ್ಪವೂ ಬಗ್ಗದ ತೆಂಗಿನ ವ್ಯಾಧಿಯೊಂದು ಕೇರಳದಲ್ಲಿ ಕಾಣಿಸಿಕೊಂಡುದೂ ಅದೇ 1882ರ ಮಹಾಪೂರದ ಅನಂತರವೆಂದು ಹೇಳುವರು. ಅದೇ ಬೇರು ಸೊರಗು ರೋಗ. ಗರಿಯ ಎಲೆಗಳು ಬಿಗಿತಪ್ಪಿ ಒಳಮುಖವಾಗಿ ಬಾಗುವುವು; ಹಳದಿಯಾಗಿ ಅಂಚು ಒಣಗುವುದು; ಬೇರು ಕೊಳೆಯುವುದು. ಮರ ಬೇಗನೆ ಸಾಯುವುದಿಲ್ಲ. ವರ್ಷವರ್ಷಕ್ಕೂ ಇಳುವರಿ ಕುಗ್ಗುತ್ತಾ, ಸಾಲಗಾರನಂತೆ ಮನೆಯನ್ನು ಮೆಲ್ಲಮೆಲ್ಲನೆ ಬಡವಾಗಿಸುವುದು.

ಈ ರೋಗಕ್ಕಾಗಿಯೇ 1947ರಲ್ಲಿ ಕಾಯಂಕುಳದಲ್ಲಿ ಸಂಶೋಧನಾ ಕೇಂದ್ರವೊಂದು ಸ್ಥಾಪಿತವಾಯಿತು. ನಮ್ಮ ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗಿನ ಕೇಂದ್ರವು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದಾಗ ಕಾಯಂಕುಳವೂ ಅದರ ಆಶ್ರಯಕ್ಕೆ ಬಂದಿತು. ಶಿಲೀಂಧ್ರವೆಂದರು, ಬ್ಯಾಕ್ಟೀರಿಯವೆಂದರು, ಬೇರಿನ ಹುಳುವೆಂದರು, ಮಣ್ಣಿನ ಕೊರತೆಯೆಂದರು. ಯಾವುದೂ ಸ್ಥಿರಪಡಲಿಲ್ಲ. ಅಷ್ಟರಲ್ಲಿ 1967ರಲ್ಲಿ ಜಪಾನಿನ ವಿದ್ವಾಂಸರು ಕುಳ್ಳುರೋಗ ಹಿಡಿದ ಹಿಪ್ಪುನೇರಳೆಯ ರಸನಾಳಗಳಲ್ಲಿ ಕೋಶಭಿತ್ತಿಯೇ ಇಲ್ಲದ ಅತಿಸೂಕ್ಷ್ಮ ಬ್ಯಾಕ್ಟೀರಿಯಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಇವಕ್ಕೆ ಈಗ ಫೈಟೋಪ್ಲಾಸ್ಮ ಎಂದು ಹೆಸರು. 1983ರಲ್ಲಿ ಬೇರು ಸೊರಗು ಹಿಡಿದ ತೆಂಗಿನಲ್ಲಿಯೂ ಅಂಥವೇ ಕಂಡುಬಂದವು. ಬಲೆಯಂತಹ ರೆಕ್ಕೆಯ ಸಣ್ಣ ತಿಗಣೆಯೊಂದೂ ಎಲೆಯಿಂದ ಎಲೆಗೆ ಜಿಗಿಯುವ ಕೀಟವೊಂದೂ ಇವನ್ನು ಮರದಿಂದ ಮರಕ್ಕೆ ಒಯ್ಯುವುವೆಂಬುದೂ ತಿಳಿಯಿತು.

ಕಂಡದ್ದೇನೋ ಸರಿ, ಸಾಕುವುದು ಹೇಗೆ? ಯಾವ ಆಹಾರವಿಟ್ಟರೂ ತೆಂಗಿನ ಈ ಅತಿಥಿ ತಟ್ಟೆಯಲ್ಲಿ ಬೆಳೆಯಲೊಲ್ಲದು. ಇದಕ್ಕೆ ಕಾರಣವು 2004ರಲ್ಲಿ ಇದರ ಬಂಧುವೊಂದರಿಂದ ಹೊರಬಿದ್ದಿತು. ಈರುಳ್ಳಿಗೆ ಹಳದಿರೋಗವನ್ನು ತರುವ ಫೈಟೋಪ್ಲಾಸ್ಮದ ಸಮಸ್ತ ವಂಶಲಿಪಿಯನ್ನು ಜಪಾನೀಯರು ಓದಿ ಮುಗಿಸಿದರು. ನಮ್ಮ ಕರುಳಿನಲ್ಲಿ ವಾಸಿಸುವ ಸಾಮಾನ್ಯ ಬ್ಯಾಕ್ಟೀರಿಯದ ಲಿಪಿಯಲ್ಲಿ ಸುಮಾರು 46 ಲಕ್ಷ ಅಕ್ಷರಗಳಿದ್ದರೆ, ಇದರಲ್ಲಿ ಇರುವುದು ಸುಮಾರು 8.6 ಲಕ್ಷ ಮಾತ್ರ. ಜೀವಕೋಶಕ್ಕೆ ಶಕ್ತಿಯನ್ನು ಒದಗಿಸುವ ಮುಖ್ಯ ಯಂತ್ರವನ್ನು ಕಟ್ಟುವ ವಂಶವಾಹಿಗಳೇ ಇದರಲ್ಲಿಲ್ಲ. ಅಡಿಗೆಮನೆಯನ್ನೇ ಕಿತ್ತುಹಾಕಿ ಸದಾ ನೆರೆಮನೆಯಲ್ಲಿ ಉಣ್ಣುವವನನ್ನು ಕಾಡಿಗಟ್ಟಿದರೆ ಬದುಕುವನೇ? ಗಾಜಿನ ತಟ್ಟೆಯು ಇದಕ್ಕೆ ಅಂತಹ ಕಾಡು.

ಹಾಗಾದರೆ ಸಾಕದೆಯೇ ಗುರುತು ಹಿಡಿಯುವುದು ಹೇಗೆ? ಪ್ರತಿಯೊಂದು ಜೀವಿಯಲ್ಲಿಯೂ ಡಿ.ಎನ್.ಎ. ಎಂಬ ನೂಲಿನಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ವಂಶಲಿಪಿಯಿದೆ. ಪ್ರೋಟೀನುಗಳನ್ನು ಕಟ್ಟುವ ಕಾರ್ಖಾನೆಗೆ ಬೇಕಾದ ವಂಶವಾಹಿಯು ಎಲ್ಲ ಜೀವಿಗಳಿಗೂ ಅಗತ್ಯ. ಬ್ಯಾಕ್ಟೀರಿಯಗಳಲ್ಲಿ ಅದರ ಉದ್ದ ಸುಮಾರು 1500 ಅಕ್ಷರ. ಅದರ ಕೆಲವು ಸಾಲುಗಳು ಎಲ್ಲ ಕುಲಗಳಲ್ಲಿಯೂ ಒಂದೇ; ಉಳಿದವು ಕುಲದಿಂದ ಕುಲಕ್ಕೆ ಸ್ವಲ್ಪಸ್ವಲ್ಪ ಬೇರೆ. ಇವನ್ನು ಹೋಲಿಸಿದರೆ ವಂಶಾವಳಿಯ ಕಡತದಲ್ಲಿ ಹೇಗೋ ಹಾಗೆ ಯಾರು ಯಾರಿಗೆ ದಾಯಾದಿಗಳೆಂಬುದು ತಿಳಿಯುವುದು. ಅಮೆರಿಕದ ಕಾರ್ಲ್ ವೋಸ್ 1977ರಲ್ಲಿ ಹೀಗೆ ಹೋಲಿಸಿಯೇ ಬ್ಯಾಕ್ಟೀರಿಯಗಳಿಂದ ಬೇರೆಯಾದ ಆರ್ಕಿಯ ಎಂಬ ಕುಲವೊಂದಿದೆಯೆಂದು ತೋರಿಸಿಕೊಟ್ಟನು. 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬವನು ಲಿಪಿಯ ಬೇಕಾದ ತುಣುಕನ್ನು ಮಾತ್ರ ಇಮ್ಮಡಿಗೊಳಿಸುತ್ತಾ ಹೋಗುವ ಉಪಾಯವನ್ನು ಕಂಡುಹಿಡಿದನು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತನೆಯ ಸುತ್ತಿಗೆ ನೂರು ಕೋಟಿಯನ್ನು ಮೀರುವುದು. ಇನ್ನು ಜೀವಿಯನ್ನು ಸಾಕಬೇಕಾಗಿಲ್ಲ. ಅದರ ಬರಹವನ್ನು ಬೆಳೆಸಿ ಓದಿದರಾಯಿತು.

ಕೆರೆಯ ಗೋಡನ್ನು ತೋಟಕ್ಕೆ ಹೊಡೆಯಿಸುವ ನಮ್ಮ ರೈತರಿಗೆ ಕೆಸರಿನಲ್ಲಿ ಸತ್ತ್ವವಿದೆಯೆಂದು ಹೇಳಿಕೊಡಬೇಕಾಗಿಲ್ಲ. ಕಡಲಿನ ತಳದ ಕೆಸರೂ ಹಾಗೆಯೇ ಜೀವಭರಿತವಾದುದು. ಆದರೆ ಅಲ್ಲಿನ ಜೀವಿಗಳಲ್ಲಿ ತಟ್ಟೆಗೆ ಒಗ್ಗುವುವು ಅತ್ಯಲ್ಪ. ಉತ್ತರಧ್ರುವದ ಕಡೆಯ ಸಮುದ್ರದಲ್ಲಿ ಮೂರು ಸಾವಿರ ಮೀಟರಿಗಿಂತಲೂ ಆಳದಿಂದ ತೆಗೆದ ಕೆಸರಿನ ವಂಶಲಿಪಿಯನ್ನೇ ಓದಿ, 2015ರಲ್ಲಿ ಆರ್ಕಿಯ ಕುಲದ ಹೊಸ ಶಾಖೆಯೊಂದನ್ನು ಪ್ರಕಟಿಸಿದರು. ಪ್ರಾಣಿ ಸಸ್ಯಗಳ ಜೀವಕೋಶಗಳಿಗೆ ಮಾತ್ರ ಸೇರಿದುವೆಂದು ಭಾವಿಸಿದ್ದ ಹಲವು ವಂಶವಾಹಿಗಳು ಅದರಲ್ಲಿ ಕಂಡುಬಂದವು. ಆ ಶಾಖೆಯ ಜೀವಿಯೊಂದನ್ನು ಜಪಾನಿನ ತಂಡವು ಹನ್ನೆರಡು ವರ್ಷಗಳ ತಾಳ್ಮೆಯಿಂದ ಸಾಕಿ 2020ರಲ್ಲಿ ವರದಿ ಮಾಡಿತು. ಅದು ಒಂದು ಎರಡಾಗಲು ಹದಿನಾಲ್ಕರಿಂದ ಇಪ್ಪತ್ತೈದು ದಿನ ಬೇಕು! ಬರಹದಲ್ಲಿ ಕಂಡದ್ದು ಭ್ರಮೆಯಲ್ಲವೆಂದು ಹೀಗೆ ಸಿದ್ಧವಾಯಿತು.

ತೆಂಗಿನಲ್ಲಿಯೂ ಇದೇ ದಾರಿ ಹಿಡಿಯಲಾಯಿತು, ಸುಲಭವಾಗಲಿಲ್ಲ. ಅಷ್ಟೆತ್ತರದ ಮರದಲ್ಲಿ ಈ ಜೀವಿ ಇರುವುದು ಬಹು ಸ್ವಲ್ಪ, ಅದೂ ಎಲ್ಲ ಕಡೆ ಸಮನಾಗಿಲ್ಲ. ಆದರೂ ಕಾಸರಗೋಡಿನ ಸಂಸ್ಥೆಯವರು 2010ರಲ್ಲಿ ಅದರ ಲಿಪಿಯನ್ನು ಓದಿ, ಅದು ಭತ್ತಕ್ಕೆ ಹಳದಿ ಕುಳ್ಳುರೋಗವನ್ನು ತರುವ ಫೈಟೋಪ್ಲಾಸ್ಮದ ಗುಂಪಿಗೆ ಸೇರಿದುದೆಂದು ತಿಳಿಸಿದರು. ಶೃಂಗೇರಿ, ಕೊಪ್ಪ, ಸುಳ್ಯಗಳ ಅಡಿಕೆ ತೋಟಗಳನ್ನು ಹಾಳುಗೆಡಹಿದ ಹಳದಿ ಎಲೆ ರೋಗದ ಹಿಂದೆಯೂ ಫೈಟೋಪ್ಲಾಸ್ಮವೇ ಇದೆಯೆಂದು ಕಂಡುಬಂದಿದೆ. ಹೀಗೆ ಲಿಪಿಯಿಂದ ತಿಳಿದು ಸಾಕಲಾಗದ ಜೀವಿಗೆ ವಿಜ್ಞಾನಿಗಳು ಪೂರ್ಣ ನಾಮಕರಣ ಮಾಡುವುದಿಲ್ಲ. ಹೆಸರಿನ ಹಿಂದೆ 'ಕ್ಯಾಂಡಿಡೇಟಸ್' ಎಂದು ಸೇರಿಸುವರು; ಅರ್ಥಾತ್ ಉಮೇದುವಾರ. ತಿಳಿದುದೆಷ್ಟು, ತಿಳಿಯಬೇಕಾದುದೆಷ್ಟು ಎಂಬುದನ್ನು ಹೆಸರಿನಲ್ಲಿಯೇ ಒಪ್ಪಿಕೊಳ್ಳುವ ಈ ವಿನಯವು ಮೆಚ್ಚತಕ್ಕದ್ದು.

ಗೃಹಸ್ಥರಿಗೆ ಇದರಿಂದ ಪ್ರಯೋಜನವೇನು? ಹಳದಿಯಾದ ಗರಿಗಳೆಲ್ಲಕ್ಕೂ ಕಾರಣವು ಒಂದೇ ಅಲ್ಲವೆಂಬುದೇ ಮೊದಲನೆಯ ಪ್ರಯೋಜನ. ಅಣಬೆ ರೋಗವಾದರೆ ರೋಗದ ಮರದ ಸುತ್ತ ಕಂದಕ ತೋಡುವುದು, ಸತ್ತ ಬೊಡ್ಡೆಯನ್ನು ಬೇರುಸಹಿತ ಕೀಳುವುದು, ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮ ಹಾಕುವುದು ಮುಂತಾದ ಕ್ರಮಗಳುಂಟು. ಬೇರು ಸೊರಗಿಗೆ ಔಷಧವಿಲ್ಲ. ತೀರ ಕೆಟ್ಟ ಮರವನ್ನು ತೆಗೆದು, ಉಳಿದವಕ್ಕೆ ಗೊಬ್ಬರವಿತ್ತು ಪೋಷಿಸಿ, ರೋಗವನ್ನು ತಾಳಬಲ್ಲ ಕಲ್ಪರಕ್ಷಾ, ಕಲ್ಪಶ್ರೀ, ಕಲ್ಪಶಂಕರದಂತಹ ತಳಿಗಳನ್ನು ನೆಡುವುದೇ ಮಾರ್ಗ. ಒಂದರ ಚಿಕಿತ್ಸೆ ಇನ್ನೊಂದಕ್ಕೆ ಮಾಡಿದರೆ ಹಣವೂ ಹೋಗುವುದು, ಮರವೂ ಹೋಗುವುದು. ರೋಗ ನೆಲೆಸಿದ ಸೀಮೆಯಿಂದ ಸಸಿ ತರುವಾಗ ಎಲೆ ಹಸಿರಾಗಿದೆಯೆಂದು ಮಾತ್ರಕ್ಕೆ ನಂಬತಕ್ಕದ್ದಲ್ಲ. ಸಂಶಯ ಬಂದಲ್ಲಿ ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸುವುದು ಲೇಸು.

ತಟ್ಟೆಯಲ್ಲಿ ಬೆಳೆಯದ ಮಾತ್ರಕ್ಕೆ ತೋಟದಲ್ಲಿ ಇಲ್ಲವೆಂದಾಗುವುದಿಲ್ಲ. ಅಟ್ಟದ ಮೇಲಣ ಕಾಯಿ ಕೊಬ್ಬರಿಯಾಯಿತೇ ಎಂದು ಒಡೆಯದೆಯೇ, ಅಲುಗಿಸಿ ಸದ್ದು ಕೇಳಿ ತಿಳಿಯುವವರು ನಮ್ಮ ಹಿರಿಯರು. ಒಳಗಿನದನ್ನು ಹೊರಗೆ ತೆಗೆಯಲಾಗದ ಕಡೆ ಅದರ ಗುರುತನ್ನು ಓದಿ ಅರಿಯುವ ಈ ಹೊಸ ವಿದ್ಯೆಯೂ ಅವರಿಗೆ ಅಪರಿಚಿತವೆನಿಸಲಾರದೆಂದು ನಾವು ನಂಬುತ್ತೇವೆ.